ಗ್ರೆವಿಲಿಯಾಕ್ಕೆ ಉದ್ದಿನ ನೀರು

ಉದ್ದು ನೆನೆಸಿ ತೊಳೆದ ನೀರಿಗೆ ಒಂದು ವಾಸನೆಯಿದೆ. ಪೂರ್ತಿ ಹುಳಿಯಲ್ಲ, ಪೂರ್ತಿ ಮಣ್ಣೂ ಅಲ್ಲ. ಮೊನ್ನೆ ಮುಂಬೈ ಬಳಿಯ ಕಲ್ಯಾಣದ ನನ್ನ ಮನೆಯಲ್ಲಿ ಆ ನೀರು ಚೆಲ್ಲಲು ಹೋದವಳು ಬೋಗುಣಿ ಹಿಡಿದುಕೊಂಡೇ ನಿಂತುಬಿಟ್ಟೆ. ಅಪ್ಪಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ಹೋದವರ ಮುಖಕ್ಕಿಂತ ಮೊದಲು ಅವರೊಡನೆ ಬರುತ್ತಿದ್ದ ವಾಸನೆ ಬಂದು ನಿಲ್ಲುವುದು ನಿಮಗೂ ಗೊತ್ತಿರಬಹುದು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿತ್ತು. ಗಾಳಿ ತಿರುಗಿದರೆ ಕಾರ್ಖಾನೆಯ ಘಾಟು, ಇಲ್ಲದಿದ್ದರೆ ಅಂಗಳದ ಒದ್ದೆ ಮಣ್ಣಿನ ತಂಪು. ಪಕ್ಕದ ಮನೆಯ ಧಾರವಾಡದ ಕಾಕಾ, ರಬಾಳೆಯಲ್ಲಿದ್ದ ತಮ್ಮ ಕಂಪನಿಯ ತೋಟದ ಮಾಲಿಯಿಂದ ಇಸಿದುಕೊಂಡು, ಒಂದು ಗ್ರೆವಿಲಿಯಾ ಸಸಿಯನ್ನು ಟಿಫಿನ್ ಚೀಲದಲ್ಲಿ ತಂದು ಅಮ್ಮನಿಗೆ ಕೊಟ್ಟಿದ್ದರು. ಕಾಫಿ ತೋಟದ ಸಿಲ್ವರ್ ಓಕಿನ ಕುಲದ್ದೇ, ಆದರೆ ಪೊದೆಯಾಗಿ ಬೆಳೆಯುವಂಥದ್ದು. ಎಲೆಯ ಮೇಲ್ಗಡೆ ಹಸಿರು, ಅಡಿಯಲ್ಲಿ ಬೆಳ್ಳಿ. ಗಾಳಿ ಬೀಸಿದಾಗ ಗಿಡ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಕಾಣುತ್ತಿತ್ತು. ಅಮ್ಮ ಸಂಜೆಯೆಲ್ಲ ಅದರ ಪಕ್ಕದ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು.

ಅಪ್ಪಯ್ಯ ಸ್ಟೇಷನ್ ಬಳಿ ಹೋಟೆಲು ನಡೆಸುತ್ತಿದ್ದರು. ತಮ್ಮ ಕಣ್ಣೆದುರು ಯಾರೂ ಅರೆಹೊಟ್ಟೆಯಲ್ಲಿ ಇರಬಾರದು ಅವರಿಗೆ. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ, ಇಡ್ಲಿಯ ಉದ್ದು ತೊಳೆದ ನೀರನ್ನು ಎಣ್ಣೆಯ ಡಬ್ಬದಲ್ಲಿ ತುಂಬಿ, ಸ್ಕೂಟರಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ಊಟಕ್ಕೆ ಬರುತ್ತಿದ್ದರು. ಬಂದವರೇ ಡಬ್ಬವನ್ನು ಗ್ರೆವಿಲಿಯಾದ ಬುಡಕ್ಕೆ ಬಗ್ಗಿಸುವುದು. “ಹೋಟ್ಲಿನವನ ಮನೆ ಗಿಡ ಹಸ್ಕಂಡ್ ಇಪ್ಪುದಾ?”

ಎರಡೇ ತಿಂಗಳಲ್ಲಿ ಎಲೆಗಳ ಅಂಚು ಸುಟ್ಟಂತಾಯಿತು. ಕಾಂಪೌಂಡಿನ ಆಚೆಯಿಂದ ಕಾಕಾ ನೋಡಿ ಹೌಹಾರಿ ಅಮ್ಮನನ್ನು ಕರೆದರು. “ವೈನೀ, ಇದು ಬಡ ಮಣ್ಣಿನ ಗಿಡ ರೀ. ಇದಕ್ಕ ಉಪವಾಸನ ಛಲೋ. ಹಿಂಗ ಉಣಸಿದ್ರ ಸಾಯ್ತದ. ಹೇಳ್ರಿ ನಿಮ್ಮ ಯಜಮಾನ್ರಿಗೆ!”

ಅಮ್ಮ ಹೇಳಲಿಲ್ಲ. ಮರುದಿನದಿಂದ ಸ್ಕೂಟರಿನ ಸದ್ದು ಕೇಳಿದ್ದೇ ಗೇಟಿಗೆ ಓಡಿ, “ನಾನ್ ಹಾಕ್ತೆ, ನೀವ್ ಕೈಕಾಲ್ ತೊಳ್ಕಣಿ” ಎಂದು ಡಬ್ಬ ಇಸಿದುಕೊಂಡು, ಹಿತ್ತಲಿನ ಕರಿಬೇವಿಗೆ ಸುರಿಯತೊಡಗಿದಳು.

“ಅಮ್ಮಾ, ಇದು ಚೀಟಿಂಗ್ ಅಲ್ವಾ?” ಎಂದೆ.

“ಸುಮ್ನಿರ್. ಗಿಡವೂ ಉಳಿಕ್, ಅವ್ರ ಮನ್ಸೂ ಉಳಿಕ್.”

ಗಿಡ ಉಳಿಯಿತು. ಬಾಚಣಿಗೆಯಂಥ ಕೆಂಪು ಹೂಗಳು ಬಂದವು, ಮಕರಂದಕ್ಕೆ ಸೂರಕ್ಕಿಗಳು ತಲೆಕೆಳಗಾಗಿ ಜೋತುಬಿದ್ದವು. “ಕಂಡ್ರ್ಯಾ, ಉದ್ದಿನ ನೀರಿನ ತಾಕತ್ತ್!” ಎಂದು ಅಪ್ಪಯ್ಯ ಕಾಕಾನಿಗೆ ಸವಾಲು ಹಾಕಿದರು. ಕಾಕಾ ಮೀಸೆಯೊಳಗೇ ನಕ್ಕರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಒಂದೇ ಮಳೆಗಾಲದ ಕಾಯಿಲೆಯಲ್ಲಿ, ಅಮ್ಮ ಹೋಗಿಬಿಟ್ಟಳು. ವಾರಗಳ ನಂತರ ಹೋಟೆಲು ಮತ್ತೆ ತೆರೆಯಿತು. ಮೊದಲ ದಿನವೇ ಅಪ್ಪಯ್ಯ ಡಬ್ಬ ತುಂಬಿಸಿಕೊಂಡು ಬಂದರು. ಗೇಟಿನ ಬಳಿ ಯಾರೂ ಇರಲಿಲ್ಲ. ಅವರು ಡಬ್ಬ ಹಿಡಿದು ಗ್ರೆವಿಲಿಯಾದ ಮುಂದೆ ನಿಂತದ್ದನ್ನು ಕಿಟಕಿಯಿಂದ ಕಂಡೆ. ಸುರಿದರೆ ಅಮ್ಮನ ಗಿಡ ಸಾಯುತ್ತದೆ. ತಡೆದರೆ ಅಮ್ಮ ಇಷ್ಟು ವರ್ಷ ಅಡಗಿಸಿಟ್ಟದ್ದು ಬಯಲಾಗುತ್ತದೆ. ಹೊರಗೆ ಬಂದು ಡಬ್ಬಕ್ಕೆ ಕೈ ಹಾಕಿದೆ.

“ಕರಿಬೇವಿಗೆ ಹಾಕ್ ಮಗಾ,” ಎಂದರು ಅಪ್ಪಯ್ಯ. “ನಿನ್ನಮ್ಮ ಅಲ್ಲೇ ಹಾಕ್ತಿದ್ದದ್ದ್.”

“ನಿಮ್ಗೆ ಗೊತ್ತಿತ್ತಾ? ಮತ್ತೆ ಯಾಕೆ ದಿನಾ ತರ್ತಿದ್ರಿ?”

ಅವರು ಗೇಟಿನ ಕಡೆ ನೋಡಿದರು. “ನಾನ್ ಬಪ್ಪತ್ತಿಗೆ ಅವ್ಳ್ ಅಲ್ಲಿ ತನ್ಕ ಓಡಿ ಬತ್ತಿದ್ಳಲೆ, ಡಬ್ಬ ತಕಂಬುಕೆ.”

ಮರುದಿನದಿಂದ ನಾನು ಓಡತೊಡಗಿದೆ. ಅಮ್ಮನಷ್ಟು ಬೇಗ ನನ್ನಿಂದಾಗುತ್ತಿರಲಿಲ್ಲ; ಪುಸ್ತಕ ಬದಿಗಿಟ್ಟು ಏಳುವಷ್ಟರಲ್ಲಿ ಅವರು ಬಂದಿರುತ್ತಿದ್ದರು. ಸ್ಕೂಟರು ನಿಲ್ಲಿಸಿ, ಗೇಟು ತೆರೆಯದೆ, ನಾನು ಬರುವವರೆಗೆ ಸೀಟಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು.