ಬಗ್ಗಿದವಳು ಏಳಲಿಲ್ಲ

ನನ್ನನ್ನು ನೋಡಲು ತಿ. ನರಸೀಪುರದಿಂದ ಹೆಮ್ಮರಗಾಲದ ನಮ್ಮ ಮನೆಗೆ ಬಂದಿದ್ದ ಗಂಡಿನ ತಾಯಿಯ ಕಾಲು ಮುಟ್ಟಲು ಬಗ್ಗಿದೆ. ಬಗ್ಗಿದ್ದೇನೋ ಸರಿ, ಮೇಲೇಳಲು ಆಗಲಿಲ್ಲ.

ಅದು ೨೦೦೬, ಊರೂರಿಗೇ ಚಿಕೂನ್‌ಗುನ್ಯಾ ಬಂದಿದ್ದ ವರ್ಷ. ಜ್ವರ ಬಿಟ್ಟು ತಿಂಗಳಾದರೂ ನನ್ನ ಮಂಡಿ, ಸೊಂಟ ಹಿಡಿದುಕೊಂಡೇ ಇದ್ದವು. ಅವ್ವ ಮಾತ್ರ, 'ನೋವು ಗೀವು ಅಂತ ಬಾಯ್ಬಿಟ್ಟೀಯೆ, ಕಾಯ್ಲೆ ಹೆಣ್ಣು ಅಂತ ಎದ್ದೋಗ್ತಾರೆ' ಎಂದು ಗದರಿಸಿ, ಒಂದು ಮಾತ್ರೆ ನುಂಗಿಸಿ ನಡುಮನೆಗೆ ಕಳಿಸಿದ್ದಳು.

ಎಷ್ಟು ಹೊತ್ತಾದರೂ ನಾನು ಗಂಡಿನ ತಾಯಿಯ ಕಾಲು ಬಿಡಲಿಲ್ಲ. ಗಂಡಿನ ತಂದೆ ಖುಷಿಯಾಗಿ, 'ಏನು ಭಯಭಕ್ತಿ ನೋಡ್ರಪ್ಪ, ಈಗಿನ ಕಾಲ್ದಲ್ಲಿ ಇಂಥ ಉಡುಗೀರು ಎಲ್ಲವ್ರೆ' ಅಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

'ಸಾಕು ಏಳವ್ವ' ಎನ್ನುತ್ತ ಆ ತಾಯಿ ನನ್ನನ್ನು ಎತ್ತಲು ಕುರ್ಚಿಯಿಂದಲೇ ಮುಂದಕ್ಕೆ ಬಗ್ಗಿದರು. ಅವರ ಸೊಂಟವೂ ಅಲ್ಲೇ ಹಿಡಿದುಕೊಂಡಿತು. ನನ್ನ ಕಿವಿಯ ಹತ್ತಿರವೇ ಇದ್ದ ಅವರ ಬಾಯಿ ಪಿಸುಗುಟ್ಟಿತು: 'ನಿಂಗೂ ಬಂದಿತ್ತಾ?'

'ಊಂ ಅತ್ತೆ' ಅಂದೆ. ಅವರಿನ್ನೂ ಒಪ್ಪಿಗೆ ಕೊಡುವ ಮೊದಲೇ ಅತ್ತೆ ಎಂದುಬಿಟ್ಟಿದ್ದೆ.

'ಯಾರ್ ಮುಂದೂ ಬಾಯ್ಬಿಡ್ಬೇಡ' ಎಂದರು. ಒಬ್ಬರ ತೋಳನ್ನೊಬ್ಬರು ಹಿಡಿದು ಹೇಗೋ ನೆಟ್ಟಗಾದೆವು. ಮದುವೆ ನಿಶ್ಚಯವಾಯಿತು.

ನೆಂಟರು ಬಂದಾಗೆಲ್ಲ ಮಾವನವರು ಇವತ್ತಿಗೂ ನನ್ನ ಭಯಭಕ್ತಿಯನ್ನು ಹೊಗಳುತ್ತಾರೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನನ್ನೇ ನೋಡುತ್ತ ಮೆಲ್ಲಗೆ ಸೊಂಟ ನೀವಿಕೊಳ್ಳುತ್ತಾರೆ.