ಬ್ರಹ್ಮಗಿರಿ ಹತ್ತಿದ ಆಯಿ

ಅಕ್ಕನ ಲಗ್ನಕ್ಕೆ ಕಾರ್ಯಾಲಯ, ಅಂದರೆ ಕಲ್ಯಾಣಮಂಟಪ, ಹುಡುಕುವ ಕೆಲಸ ಶುರುವಾದಾಗ ನಾನು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿ ನಾಸಿಕದ ಅರ್ಧ ಊರಿಗೆ ಬೇಕಾದವಳಾಗಿದ್ದೆ. ಅರ್ಧ ಊರು ಅಂದರೆ ನಮ್ಮ ಬಿಲ್ಡಿಂಗಿನ ಎರಡು ಮಹಡಿ. ಯಾರ ಮನೆಯಲ್ಲಿ ಜನ ಕೂಡಿದರೂ ನನಗೆ ಕರೆ ಬರುತ್ತಿತ್ತು. ನನ್ನ ಬಾಯಿಗೆ ಬಿದ್ದ ಹಲ್ಲಿ ಮೊಸಳೆಯಾಗಿ ಹೊರಗೆ ಬರುತ್ತಿತ್ತು, ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ನಗುವಿನ ಮೇಲೆಯೇ ನಾನು ಬದುಕಿದ್ದೆ. ಜೊತೆಗೆ ಮೂರು ಹೊತ್ತು ಊಟವನ್ನೂ ಮಾಡುತ್ತಿದ್ದೆ, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ಮಾತ್ರ ಆಗ ನಗುವಂಥದ್ದು ಏನೂ ಇರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತೇವೆ. ಆಯಿಯ ಹೃದಯ ಸೋತಿತ್ತು. ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬಂದರೆ ಇಗತಪುರಿ ಘಾಟ್ ಹತ್ತುವ ಗೂಡ್ಸ್ ಗಾಡಿಯಂತೆ ಏದುಸಿರು. ಮೂಗಿಗೆ ಆಕ್ಸಿಜನ್ ನಳಿಕೆ, ಮಂಚದ ಪಕ್ಕ ಹಗಲು ರಾತ್ರಿ ಗುರ್ ಅನ್ನುವ ಮಷೀನು. ಅರ್ಧ ಗಂಟೆಗಿಂತ ಹೆಚ್ಚಿನ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ನಾವು ಬೀದರ್ ಕಡೆಯವರು. ನಮ್ಮ ಮನೆತನದಲ್ಲಿ ಮೊದಲ ಅಕ್ಷತೆ ಮನೆಯ ಹಿರಿಯ ಹೆಂಗಸಿನದು. ಆಕೆ ಹಾಕಿದ ಮೇಲೆಯೇ ಉಳಿದವರ ಕೈ ಏಳಬೇಕು. ಅದಕ್ಕಿಂತ ಹೆಚ್ಚಾಗಿ, ಅಕ್ಕನನ್ನು ಸಾಕಿದವಳೇ ಆಯಿ. ನಾನು ಹುಟ್ಟುವಾಗಲೇ ಗದ್ದಲ ಮಾಡಿ ಅಮ್ಮನನ್ನು ಎರಡು ವರ್ಷ ಹಾಸಿಗೆ ಹಿಡಿಸಿದೆನಂತೆ. ಆಗ ಅಕ್ಕ ಬೆಳೆದದ್ದು ಆಯಿಯ ತೊಡೆಯ ಮೇಲೆ. ಲಗ್ನಕ್ಕೆ ಹೂಂ ಅನ್ನುವಾಗ ಅಕ್ಕ ಇಟ್ಟ ಷರತ್ತು ಒಂದೇ ಒಂದು: ಮೊದಲ ಅಕ್ಷತೆ ಆಯಿಯ ಕೈಯಿಂದಲೇ ಬೀಳಬೇಕು.

ಗಂಡಿನವರು ಛತ್ರಪತಿ ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವರೂ ನಮ್ಮ ಕಡೆಯವರೇ. ಹೆಣ್ಣು ನೋಡಲು ಬಂದ ದಿನ ಅಮ್ಮ ಮಷೀನನ್ನು ಮಂಚದ ಕೆಳಗೆ ತಳ್ಳಿ, ನಳಿಕೆ ತೆಗೆದು, ಆಯಿಗೆ ಇಳಕಲ್ ಸೀರೆ ಉಡಿಸಿ ಕುರ್ಚಿಯ ಮೇಲೆ ದೇವರಂತೆ ಕೂಡಿಸಿದ್ದಳು. ಮನೆಯಲ್ಲಿ ಇಷ್ಟು ದೊಡ್ಡ ಕಾಯಿಲೆ ಇದೆ ಎಂದು ಗೊತ್ತಾದರೆ 'ಆಮೇಲೆ ನೋಡೋಣ' ಅನ್ನುತ್ತಾರೆ, ಆಮೇಲೆ ಅಂದದ್ದು ಎಂದೂ ಬರುವುದಿಲ್ಲ ಎಂಬ ಹೆದರಿಕೆ ಅವಳದು. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಹುಡುಗನ ತಾಯಿಯ ಕಣ್ಣು ಚುರುಕು.

"ಅಮ್ಮಾರಿಗಿ ಆರಾಮಿಲ್ಲೇನ್ರಿ? ಕೂತಲ್ಲಿಂದ ಎದ್ದೇ ಇಲ್ಲ."

ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಶಿರಾದ ತಾಟು ನೋಡಿದಳು. ನಡುವೆ ನಾನು ಜಿಗಿದೆ.

"ಮೊನ್ನಿ ತ್ರ್ಯಂಬಕೇಶ್ವರಕ್ಕ ಹೋಗಿ ಬ್ರಹ್ಮಗಿರಿ ಹತ್ತಿ ಬಂದಾಳ್ರಿ ಕಾಕು! ಜೀಪಿನವ ಗುಡ್ಡದ ಬುಡತನಾ ಬಿಡ್ತೀನಿ ಬಾ ಆಯಿ ಅಂದ್ರ, ನಿನ್ ಜೀಪ್ ಭಾಳ ಸಾವಕಾಶ ಹೋಗ್ತದ ಅಂತ ನಡದೇ ಹೋದ್ಳು. ಈಗ ಕಾಲು ಹಿಡದಾವ."

ಕೋಣೆ ತುಂಬ ನಗೆ. ಆಯಿಯೂ ಸುಮ್ಮನಿರಲಿಲ್ಲ. ಉಸಿರು ಕೂಡಿಸಿಕೊಂಡು, "ಮತ್ತೊಮ್ಮಿ ಹತ್ತಬೇಕಂತ ಮಾಡೀನಿ ತಂಗಿ" ಅಂದಳು. ಅವರು ಹೋದ ಮೇಲೆ ಅಮ್ಮ ನನಗೆ ಎರಡು ಸೌಟು ಶಿರಾ ಹೆಚ್ಚಿಗೆ ಹಾಕಿದಳು. ಆಯಿ ನಳಿಕೆ ಹಾಕಿಕೊಂಡು ಸಂಜೆಯವರೆಗೆ ಕಣ್ಣು ತೆರೆಯಲಿಲ್ಲ.

ಲಗ್ನ ಗೊತ್ತಾಗಿ ಮುಹೂರ್ತ ಇಟ್ಟ ಮೇಲೆ ಒಂದು ದಿನ ಬೀಗರು ಫೋನು ಮಾಡಿದರು: ನಮ್ಮ ಬಳಗ ದೊಡ್ಡದು, ಲಗ್ನ ಸಂಭಾಜಿನಗರದಲ್ಲೇ ಇಟ್ಟುಕೊಳ್ಳೋಣ, ಕಾರ್ಯಾಲಯ ನೋಡಲು ಬನ್ನಿ. ಬೀಗರ ಮುಂದೆ ನಮ್ಮ ಅಪ್ಪನಿಗೆ ಬರುವ ಮಾತು ಒಂದೇ, 'ಆಯ್ತ್ರಿ'. ಹಾಗೆ ಎಂಟು ಸಲ ಅಂದು ಫೋನು ಇಟ್ಟ. ಎಂಟು ಅಂದರೆ ಮೂರು.

"ಆಯಿ ಹ್ಯಾಂಗ ಬರ್ತಾಳಪ್ಪಾ?" ಅಂದಳು ಅಕ್ಕ. "ನಾಕು ತಾಸಿನ ದಾರಿ."

"ಏನರೆ ಮಾಡಮು."

"ಏನ್ ಮಾಡ್ತಿ? ಆಕಿ ಇಲ್ಲದ ಲಗ್ನಾ ನಂಗ ಬ್ಯಾಡ. ಅವರಿಗಿ ಖರೇ ಹೇಳ್ರಿ."

"ಈಗ ಹೇಳಿದ್ರ ಸುಳ್ಳರು ಅಂತಾರವ್ವ." ಅಪ್ಪ ನನ್ನ ಕಡೆ ತಿರುಗಿದ. "ನೀ ನಮ್ ಜೋಡಿ ಬಾ. ಒಂದೊಂದು ಕಾರ್ಯಾಲಯದಾಗೂ ಏನರೆ ಕೊಂಕು ತಗಿ. ನಾಸಿಕನೇ ಬರೊಬ್ಬರಿ ಅಂತ ಅವರ ಬಾಯಿಂದೇ ಬರ್ಲಿ. ನಿನ್ ನಾಲಿಗಿ ಇದಕ್ಕಾದ್ರೂ ಉಪಯೋಗ ಬೀಳ್ಲಿ."

ಅಮ್ಮ ಆಯಿಯ ಹತ್ತಿರ ಉಳಿದಳು. ನಾವು ಮೂವರು ಬೆಳಿಗ್ಗೆ ಹೊರಟೆವು. ವೈಜಾಪುರದಲ್ಲಿ ಚಹಾಕ್ಕೆ ನಿಂತಾಗ ಅಕ್ಕ ಕಾರಿನಿಂದ ಇಳಿಯಲಿಲ್ಲ. ನಾನು ಎರಡು ಚಹಾ ಕುಡಿದು ಗಂಟಲು ಸರಿ ಮಾಡಿಕೊಂಡೆ. ಖರೇ ಹೇಳಬೇಕೆಂದರೆ ನನಗೆ ಹುಮ್ಮಸ್ಸೇ ಬಂದಿತ್ತು. ಇಡೀ ಲಗ್ನ ನನ್ನ ನಾಲಿಗೆಯ ತುದಿಯ ಮೇಲೆ ನಿಂತಿದೆಯಲ್ಲ!

ಸಂಭಾಜಿನಗರದಲ್ಲಿ ಹುಡುಗನ ತಾಯಿ, ನನ್ನ ಬಾಯಲ್ಲಿ ಕಾಕು, ಒಬ್ಬರೇ ಬಂದಿದ್ದರು, ಅಂಗಡಿ ಬಿಟ್ಟು ಗಂಡಸರಿಗೆ ಬರಲಾಗಿರಲಿಲ್ಲ. ಮೊದಲ ಕಾರ್ಯಾಲಯದ ಅಡುಗೆಮನೆಗೆ ಹೊಕ್ಕು ನಾನು, "ಕಾಕು, ಇಲ್ಲಿ ಎಂಟು ಮಂದಿ ಅಡಿಗಿ ಆಚಾರಿಗೋಳು ನಿಂತ್ರ ಒಂಬತ್ತನೇದವ ಹೋಳಿಗಿ ಆಗಿ ಹೊರಗ ಬರ್ತಾನ" ಅಂದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹೌದಬೇ, ಸಣ್ಣದೇ ಅದ" ಎಂದು ಅದನ್ನು ಬಿಟ್ಟರು. ಎರಡನೆಯದರಲ್ಲಿ ಸ್ಟೇಜಿನ ಎರಡೂ ಬದಿಗೆ ಪ್ಲಾಸ್ಟರಿನ ಅಪ್ಸರೆಯರು. "ಇವರ ನಡುವ ನಮ್ಮಕ್ಕ ನಿಂತ್ರ ಮಂದಿ ಅಪ್ಸರೆಗೇ ಅಕ್ಷತಾ ಹಾಕಿ ಊಟಕ್ಕ ಹೋಗ್ತಾರ." ಅದೂ ಹೋಯಿತು. ಅಪ್ಪನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಮೂರನೆಯದರಲ್ಲಿ ನನಗೆ ಸೋಲಾಯಿತು. ದೊಡ್ಡ ಅಡುಗೆಮನೆ, ಗಾಳಿ, ಬೆಳಕು, ಬೇವಿನ ನೆರಳಿನಲ್ಲಿ ಪಂಕ್ತಿಗೆ ಜಾಗ. ಸಂಡಾಸು ಕೂಡ ನಮ್ಮ ಮನೆಗಿಂತ ಚೊಕ್ಕ. ಎಷ್ಟು ತಿರುಗಿದರೂ ಒಂದು ಬಿರುಕು ಸಿಗಲಿಲ್ಲ.

"ಇದೇ ಆಯ್ತು ನೋಡ್ರಿ ಬೀಗರ," ಎಂದು ಕಾಕು ಆಫೀಸಿನಲ್ಲಿ ಕೂತರು. ಮ್ಯಾನೇಜರ್ ತಾರೀಖಿನ ಪುಸ್ತಕ ಬಿಡಿಸಿ, ನಮ್ಮ ಮುಹೂರ್ತದ ದಿನ ಖಾಲಿ ಇದೆ ಎಂದು ಪೆನ್ನಿನ ಟೊಪ್ಪಿ ತೆಗೆದ. ಅಪ್ಪನ ತುಟಿ 'ಆಯ್ತ್ರಿ' ಅನ್ನಲು ತಯಾರಾಗಿತ್ತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿ ಮಾಡಿಕೊಂಡಿದ್ದಳು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ.

"ಕಾಕು," ಅಂದೆ. "ಆಯಿಗಿ ಇಲ್ಲಿತನಾ ಬರಕ್ಕಾಗಲ್ಲ. ಆಕಿ ಹಾರ್ಟ್ ಸೋತದ. ದಿನಾ ಪೂರಾ ಆಕ್ಸಿಜನ್ ಹಚ್ಚಿರ್ತೀವಿ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಟೇಬಲ್ಲಿಗೆ ಕೈ ಬಡಿದು ನಕ್ಕರು.

"ಅಯ್ಯ ಇವಳ! ಕೊಂಕು ತಗೀಲಕ್ಕ ಏನೂ ಸಿಗಲಿಲ್ಲಂತ ಅಜ್ಜಿಗೇ ಬ್ಯಾನಿ ಹಚ್ಚಿದ್ಳು ನೋಡ್ರಿ! ಬ್ರಹ್ಮಗಿರಿ ಹತ್ತೋ ಅಮ್ಮಾರಿಗಿ ಕಾರಿನ್ಯಾಗ ಕೂಡೋದು ಏನ್ ಮಹಾ?"

"ಇಲ್ರಿ ಕಾಕು, ಖರೇನೇ. ಬ್ರಹ್ಮಗಿರಿ ಸುಳ್ಳು."

"ಹೂಂ ಹೂಂ, ಖರೇ!" ಮ್ಯಾನೇಜರನೂ ನಕ್ಕ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬೀಗಿತ್ತಿ ನಗುತ್ತಿದ್ದಾರೆಂದು ಅರ್ಧ ನಕ್ಕ.

"ಅಪ್ಪಾ," ಅಂದಳು ಅಕ್ಕ. ಅಷ್ಟೇ.

"ತಡಿ, ಅಮ್ಮಾರ್ನೇ ಕೇಳಮು," ಎಂದು ಕಾಕು ನಮ್ಮ ಮನೆಗೆ ವಿಡಿಯೋ ಕಾಲ್ ಹಚ್ಚಿದರು. ರಿಂಗಾಗಿ ರಿಂಗಾಗಿ ಕಡೆಗೆ ಆಯಿಯ ಮುಖ ಬಂತು. ನಳಿಕೆ ಇರಲಿಲ್ಲ. ಕರೆ ಬಂದದ್ದು ಯಾರದೆಂದು ನೋಡಿ ತೆಗೆಸಿಬಿಟ್ಟಿದ್ದಳು.

"ಅಮ್ಮಾರ, ಲಗ್ನಕ್ಕ ಇಲ್ಲಿತನಾ ಬರ್ತೀರಿಲ್ಲ?"

"ಯಾಕ ಬರಲ್ಲ ತಂಗಿ," ಅಂದಳು ಆಯಿ. "ಮೊದಲ ಅಕ್ಷತಾ... ನಂದೇ..." ಮಾತು ನಿಂತಿತು. ಬಾಯಿ ಆಡುತ್ತಿತ್ತು, ಉಸಿರು ಕೂಡಿಬರುತ್ತಿರಲಿಲ್ಲ. ಆದರೂ ನಗುತ್ತಿದ್ದಳು.

ಕಾಕು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಗಲ್ಲದ ಮ್ಯಾಲ ಗೆರಿ ಏನ್ರಿ ಅವು?" ಎಂದು ಮೆಲ್ಲಗೆ ಕೇಳಿದರು. ನಳಿಕೆ ಒತ್ತಿ ಒತ್ತಿ ಬಿದ್ದ ಗೆರೆ ಅವು, ಎರಡೂ ಕೆನ್ನೆಗೆ. ಆಯಿ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಳು. ಅಮ್ಮನ ಕೈ ಬಂದು ಫೋನು ಕಸಿದುಕೊಂಡಿತು.

ಕಾಕು ಫೋನನ್ನು ಟೇಬಲ್ಲಿನ ಮೇಲಿಟ್ಟರು. "ನಮ್ಮಪ್ಪಗೂ ಹಿಂಗೇ ಗೆರಿ ಬಿದ್ದಿದ್ವು," ಎಂದು ಮ್ಯಾನೇಜರನ ಪುಸ್ತಕವನ್ನು ತಾವೇ ಮುಚ್ಚಿದರು. ಆಮೇಲೆ ಅಪ್ಪನಿಗೆ, "ನಾಳಿ ಒಂದ ಮನಿ ಆಗೋರು ನಾವು. ಒಂದು ಫೋನ್ ಮಾಡಿ ಹೇಳಲಕ್ಕ ಏನಾಗಿತ್ರಿ? ನಾ ಏನ್ ರಾಕ್ಷಸಿ ಕಂಡೀನೇನು?"

"ತಪ್ಪಾಯ್ತ್ರಿ," ಅಂದ ಅಪ್ಪ.

"ನಾಸಿಕದಾಗೇ ಇಡ್ರಿ. ಕಾರ್ಯಾಲಯ ನೀವೇ ನೋಡ್ಕೋರಿ, ನಾವು ನೋಡಕ್ಕ ಬರಂಗಿಲ್ಲ." ಬಾಗಿಲವರೆಗೆ ಹೋದವರು ನನ್ನ ಕಡೆ ತಿರುಗಿದರು. "ಬ್ರಹ್ಮಗಿರಿ, ಹಾಂ?" ಅಂದರು. ನಗಲಿಲ್ಲ.

ನಾವು ಕೇಳಿದ್ದೇ ಸಿಕ್ಕಿತ್ತು. ಆದರೂ ವಾಪಸು ದಾರಿಯಲ್ಲಿ ಕಾರು ವೈಜಾಪುರದಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಮನೆಗೆ ಬಂದರೆ ಆಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನನ್ನ ಮಾನಾ ಕಳದ್ಯಲ್ಲೇ," ಅಂದಳು ನನಗೆ. "ಸತ್ತರೂ ಬರ್ತಿದ್ದೆ ನಾ." ಎರಡು ದಿನ ನನ್ನ ಕೈಯಿಂದ ನೀರು ಕುಡಿಯಲಿಲ್ಲ.

ಮೂರನೆಯ ದಿನ ಅಪ್ಪ ನನ್ನನ್ನು ಕರೆದುಕೊಂಡು ಮನೆಯಿಂದ ಹತ್ತು ನಿಮಿಷದ ಒಂದು ಸಣ್ಣ ಕಾರ್ಯಾಲಯಕ್ಕೆ ಹೋದ. ನೆಲಮಹಡಿ, ಮೆಟ್ಟಿಲಿಲ್ಲ. ಆದರೆ ಕಾರು ಗೇಟಿನ ಒಳಗೆ ಬರುವಂತಿರಲಿಲ್ಲ. ಆಯಿ ನಡೆಯುವ ಹಾಗೆ, ಗೇಣುದ್ದದ ಹೆಜ್ಜೆ ಇಡುತ್ತ ಗೇಟಿನಿಂದ ಸ್ಟೇಜಿನವರೆಗೆ ನಡೆದು ಎಣಿಸಿದೆ. ನಂಬಿಕೆ ಬರದೆ ಮತ್ತೊಮ್ಮೆ ಎಣಿಸಿದೆ. ಆಮೇಲೆ ಅಕ್ಕನಿಗೆ ಫೋನು ಮಾಡಿದೆ.

"ಎಪ್ಪತ್ತು ಹೆಜ್ಜಿ."

"ಆಕಿ ಇಪ್ಪತ್ತಕ್ಕ ಕೂಡ್ತಾಳ."

"ನಡುವ ಮೂರು ಕಡಿ ಕುರ್ಚಿ ಹಾಕಮು. ಗಾಲಿ ಕುರ್ಚಿ ಮಾತ್ರ ಬ್ಯಾಡ ಅಂದಾಳ."

"ಎಪ್ಪತ್ತೇನಾ?"

"ಎಪ್ಪತ್ತೇ."

"ಮಜಾಕ್ ಮಾಡ್ಬ್ಯಾಡ."

"ಮಾಡ್ಲತಿಲ್ಲ."

ಆ ಕಡೆಯಿಂದ ಆಯಿಯ ಮಷೀನಿನ ಗುರ್ ಸದ್ದು ಬಂತು.

"ಅಪ್ಪಗ ಫೋನ್ ಕೊಡು," ಅಂದಳು ಅಕ್ಕ.

ಕೊಟ್ಟೆ. ಅಪ್ಪ ಹೂಂ ಹೂಂ ಅನ್ನುತ್ತ ಕೇಳಿಸಿಕೊಂಡ, ನನ್ನ ಮುಖ ನೋಡಲಿಲ್ಲ. ಫೋನನ್ನು ಕಿವಿಗೆ ಹಿಡಿದೇ ಗೇಟಿನವರೆಗೆ ಹೋಗಿ, ಈ ಕಡೆ ತಿರುಗಿ, ಗೇಣುದ್ದದ ಹೆಜ್ಜೆ ಇಡುತ್ತ ಒಂದರಿಂದ ಎಣಿಸತೊಡಗಿದ.