ಕಿಟಕಿ ಪಕ್ಕದ ಮೇಜಿನ ಎನಿಡ್

ಎನಿಡ್ ಪಿಕರ್ಸ್‌ಗಿಲ್ ಮೂವತ್ತೊಂದು ವರ್ಷ ಕ್ಲಿಫ್ ಹೋಟೆಲಿನ ಮೇಜುಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿದವಳು. ಸ್ಕಾರ್‌ಬರೋದ ಸಮುದ್ರಕ್ಕೆ ಎದೆಯೊಡ್ಡಿ ನೂರೈವತ್ತು ವರ್ಷದಿಂದ ನಿಂತಿರುವ ಆ ಹೋಟೆಲಿಗೆ ಅಷ್ಟು ವರ್ಷವೂ ಅವಳು ಹೋಗಿದ್ದು ಹಿಂಬಾಗಿಲಿನಿಂದ. ಕೆಲಸ ಬಿಟ್ಟ ಮರುವಾರವೇ ಇದ್ದುದರಲ್ಲಿ ಒಳ್ಳೆಯ ಕೋಟು ತೊಟ್ಟು, ಮುಂಬಾಗಿಲಿನಿಂದ ಒಳಹೊಕ್ಕು, ತಾನೇ ಒಗೆಯುತ್ತಿದ್ದ ಬಟ್ಟೆಯ ಮುಂದೆ ಕೂತು ಚಹಾ ಕುಡಿದು ಬಂದಳು. ಜೊತೆಗೆ ಗೆಳತಿಯರಾದ ಡಾಫ್ನಿ ಮತ್ತು ಬೆರಿಲ್. ಅಂದಿನಿಂದ ಹದಿನಾರು ವರ್ಷ, ತಿಂಗಳ ಮೊದಲ ಗುರುವಾರ ಮಧ್ಯಾಹ್ನ ಮೂರೂವರೆಗೆ ಕಿಟಕಿ ಪಕ್ಕದ ಆ ಮೇಜು ಇವರದೇ.

ಕೆಟಲ್ ಹಿಡಿದು ಎಲ್ಲರಿಗೂ ಚಹಾ ಬಗ್ಗಿಸುವವರನ್ನು ಆ ಹೊತ್ತಿನ ಮಟ್ಟಿಗೆ ‘ಅಮ್ಮ’ ಎನ್ನುವುದು ಅಲ್ಲಿನ ಇಂಗ್ಲಿಷ್ ಜನರ ವಾಡಿಕೆ. ಮದುವೆ, ಮಕ್ಕಳು ಎಂಬ ಗೋಜಿಗೇ ಹೋಗದ ಎನಿಡ್ ಆ ಮೇಜಿನ ಖಾಯಂ ಅಮ್ಮ. “ಹೆರದೇನೇ ಅಮ್ಮ ಆದವಳು ನೀನೊಬ್ಬಳೇ ಕಣೇ” ಎಂದು ಬೆರಿಲ್ ಪ್ರತಿ ಸಲವೂ ಹಂಗಿಸುವಳು, ಎನಿಡ್ ಪ್ರತಿ ಸಲವೂ ನಗುವಳು.

ಇನ್ನೊಂದು ವಾಡಿಕೆಯಿದೆ, ನೆನೆದರೆ ಮೈ ಉರಿಯುತ್ತದೆ. ಚಹಾದ ಮೇಜಿಗೆ ಕಷ್ಟ ತರಬಾರದು. ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನಬೇಕು. ಕಾಲು ಮುರಿದಿದ್ದರೂ ಪರವಾಗಿಲ್ಲ, ಗಂಡ ಸತ್ತಿದ್ದರೂ ಪರವಾಗಿಲ್ಲ. ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂಬ ಮಾತು ಈ ಜನರ ಕಿವಿಗೆ ಬಿದ್ದೇ ಇಲ್ಲ.

ಈ ಅಕ್ಟೋಬರಿನ ಗುರುವಾರ ಎನಿಡ್ ಆ ವಾಡಿಕೆ ಮುರಿಯಲೆಂದೇ ಬಂದಿದ್ದಳು. ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ; ತಿಂಗಳ ಕೊನೆಗೆ ಖಾಲಿ ಮಾಡಬೇಕು. ಎಪ್ಪತ್ತಾರರ ಒಂಟಿ ಹೆಂಗಸಿಗೆ ಎಲ್ಲಿ ಹುಡುಕಿದರೂ ಬೇರೆ ಮನೆ ಸಿಗಲಿಲ್ಲ. ನಗರಸಭೆಯ ವಸತಿ ಕಚೇರಿಯವರು ತೋರಿಸಿದ್ದು ಐವತ್ತು ಮೈಲಿ ಆಚೆ, ಸಮುದ್ರವೂ ಇಲ್ಲದ, ಗುರುತಿನ ಮುಖವೂ ಇಲ್ಲದ ಊರಿನ ವೃದ್ಧರ ವಸತಿಯಲ್ಲೊಂದು ಕೋಣೆ. ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಇತ್ತ ಡಾಫ್ನಿಯ ಗಂಡ ತೀರಿಕೊಂಡಾಗಿನಿಂದ ಅವಳ ಮನೆಯ ಹಿಂಬದಿ ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ನನಗೆ ಜಾಗ ಕೊಡುತ್ತೀಯಾ ಎಂದು ಕೇಳಬೇಕು, ಅಷ್ಟೇ. ಬಸ್ಸಿನಲ್ಲಿ ಬರುವಾಗ ಆ ಒಂದು ಮಾತನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

ಕೂತ ಕೂಡಲೇ ಡಾಫ್ನಿ ಹೇಗಿದ್ದೀಯ ಎಂದಳು. ಹಾಳು ನಾಲಗೆ, ಪರವಾಗಿಲ್ಲ ಎಂದುಬಿಟ್ಟಿತು. ಅಷ್ಟರಲ್ಲಿ ತಿಂಡಿ ಜೋಡಿಸಿದ ಮೂರಂತಸ್ತಿನ ತಟ್ಟೆ ಬಂತು. ಸ್ಕೋನ್ ಎಂಬ ಪುಟ್ಟ ಬನ್ನಿಗೆ ಮೊದಲು ಜಾಮ್ ಸವರಬೇಕೋ ಕೆನೆ ಸವರಬೇಕೋ ಎಂಬ ಹದಿನಾರು ವರ್ಷದ ಜಗಳವನ್ನು ಬೆರಿಲ್ ಮತ್ತೆ ಎತ್ತಿಕೊಂಡಳು. ಅದು ಮುಗಿಯುವ ಹೊತ್ತಿಗೆ ಎನಿಡ್‌ಳ ಮೊದಲ ಕಪ್ ತಣ್ಣಗಾಗಿತ್ತು. ಅವಳು ಕಪ್ ಕೆಳಗಿಟ್ಟು, ಧೈರ್ಯ ಮಾಡಿ ಬಾಯಿ ತೆರೆದಳು.

“ಡಾಫ್ನಿ, ನಿನ್ನ ಹತ್ರ ಒಂದು ವಿಷಯ…”

“ನಂದೂ ಒಂದಿದೆ, ಮೊದಲು ಅದನ್ನ ಕೇಳು” ಎಂದಳು ಡಾಫ್ನಿ. “ಹಿಂದಿನ ಕೋಣೆ ಕೊಟ್ಟುಬಿಟ್ಟೆ ಕಣೇ. ಆಸ್ಪತ್ರೆ ನರ್ಸು, ಒಳ್ಳೇ ಹುಡುಗಿ. ನಿನ್ನೆ ತಾನೇ ಸಾಮಾನು ತಂದಳು.”

ಎನಿಡ್ ಒಳ್ಳೆಯದಾಯಿತು ಎಂದಳು.

“ಮನೆ ಬಿಕೋ ಅಂತಿತ್ತು. ನಿಜ ಹೇಳ್ಲಾ? ಮೊದಲು ನಿನ್ನನ್ನೇ ಕೇಳೋಣ ಅಂತಿದ್ದೆ. ಬೇಸಿಗೆಯಿಡೀ ಅಂದ್ಕೊಂಡೆ. ನೀನೋ ಸ್ವಾಭಿಮಾನಿ, ಯಾವಾಗ ಕೇಳಿದ್ರೂ ಪರವಾಗಿಲ್ಲ ಅಂತೀಯ. ಎಲ್ಲಿ ಬೇಜಾರು ಮಾಡ್ಕೊಳ್ತೀಯೋ ಅಂತ ಬಾಯೇ ಬರಲಿಲ್ಲ.” ನಗುತ್ತಾ ಸೌತೆಕಾಯಿಯ ಸ್ಯಾಂಡ್‌ವಿಚ್ ಎತ್ತಿಕೊಂಡಳು. “ನೀನೇನೋ ಹೇಳ್ತಿದ್ದೆ?”

ಎನಿಡ್‌ಗೆ ಅಲ್ಲೇ ಗೋಳೋ ಎಂದು ಅಳಬೇಕೆನಿಸಿತು. ಆದರೆ ಈಗ ಬಾಯಿಬಿಟ್ಟರೆ ಡಾಫ್ನಿ ಒಂದೋ ಆ ಹುಡುಗಿಯನ್ನು ಹೊರಗೆ ಕಳಿಸಬೇಕು, ಇಲ್ಲವೇ ಗೆಳತಿಗೆ ಇಲ್ಲವೆನ್ನಬೇಕು. ಅವಳನ್ನು ಆ ಪೇಚಿಗೆ ನೂಕಲು ಮನಸ್ಸು ಬರಲಿಲ್ಲ.

“ಏನಿಲ್ಲ. ಸ್ಕೋನ್ ಇವತ್ತು ಸ್ವಲ್ಪ ಗಟ್ಟಿ ಅಲ್ವಾ ಅಂತ.”

ಮುಂದಿನ ತಿಂಗಳು ಆ ಹುಡುಗಿಯನ್ನೂ ಕರೆತರುವುದಾಗಿಯೂ, ಮೊದಲ ಕಪ್ ಎನಿಡ್‌ಳೇ ಬಗ್ಗಿಸಿಕೊಡಬೇಕೆಂದೂ ಡಾಫ್ನಿ ಹೇಳಿದಳು. ಎನಿಡ್ ಎರಡನೇ ಸುತ್ತಿಗೆ ಕೆಟಲ್ ಎತ್ತಿದಳು. ಕಪ್ಪಿನ ಅಂಚು ತಪ್ಪಿ ಬಿಳಿ ಬಟ್ಟೆಯ ಮೇಲೆ ಚಹಾ ಚೆಲ್ಲಿತು. ಆ ಕಲೆ ಹೋಗುವುದು ಎಷ್ಟು ಕಷ್ಟವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಹೋಟೆಲಿನಲ್ಲಿರಲಿಲ್ಲ. ಅದರ ಮೇಲೆ ತಟ್ಟೆ ಎಳೆದು ಮುಚ್ಚಿ, ಕೆಟಲಿನ ಹಿಡಿಯನ್ನು ಡಾಫ್ನಿಯ ಕಡೆ ತಿರುಗಿಸಿಟ್ಟಳು.

“ಇವತ್ತು ನೀನೇ ಬಗ್ಗಿಸು.”

“ಅಮ್ಮನಿಗೆ ರಜವೋ?” ಎಂದಳು ಬೆರಿಲ್.

“ಹೂಂ, ರಜ.”

ಮರುದಿನ ಹನ್ನೊಂದು ಗಂಟೆಗೆ ಕಚೇರಿಗೆ ಹೋಗಿ ಎನಿಡ್ ಸಹಿ ಹಾಕಿದಳು. ಕಾಗದ ತೆಗೆದುಕೊಂಡ ಹೆಂಗಸು ಇಷ್ಟು ದೂರ ಹೋಗಲು ಕಷ್ಟವಾಗುವುದಿಲ್ಲವೇ ಎಂದು ಕೇಳಿದಳು. ಪರವಾಗಿಲ್ಲ ಎಂದಳು ಎನಿಡ್.